ಲಿನಕ್ಸ್‌ನಲ್ಲಿ ಆ ಪ್ರೋಗ್ರಾಂ ಇದೆಯಾ? ಡೌನ್‌ಲೋಡ್‌ಗೆ ಮುಂಚೆ ಹೀಗೆ ನೋಡಿ

ಬೆಂಗಳೂರಿನ ಸುದರ್ಶನ ಲೇಔಟ್ ಸ್ಲಂನ ಅಂಬೇಡ್ಕರ್ ಕಮ್ಯುನಿಟಿ ಕಂಪ್ಯೂಟಿಂಗ್ ಸೆಂಟರ್‌ನಲ್ಲಿ ಮಕ್ಕಳು ಜಿಂಪ್ ಬಳಸಿ ಚಿತ್ರ ಬಿಡಿಸೋದು ಕಲಿತರು. ಜಿಂಪ್ ಉಚಿತ. ಆದರೆ ಸಿದ್ದಾಪುರದ ಮನೇಲಿ ಕೂತು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅದನ್ನ ಇಳಿಸಿಕೊಂಡ್ರೆ ಖರ್ಚಾಗೋದು ನಿಮ್ಮ ಡೇಟಾ. ಹಾಗಾಗಿ ಲಿನಕ್ಸ್‌ನಲ್ಲಿ ಅದು ಈಗಾಗಲೇ ಇದೆಯಾ ಅಂತ ಮೊದಲು ನೋಡಿ.

ಮೆನುವಲ್ಲಿ ಕಾಣಲಿಲ್ಲ ಅಂದ್ರೆ ಇಲ್ಲ ಅಂತಲ್ಲ. ಟರ್ಮಿನಲ್ ತೆರೆದು, ಇಂಗ್ಲಿಷ್ ಸಣ್ಣಕ್ಷರದಲ್ಲಿ 'ವಿಚ್' (ಡಬ್ಲ್ಯು, ಎಚ್, ಐ, ಸಿ, ಎಚ್), ಒಂದು ಸ್ಪೇಸ್, 'ಜಿಂಪ್' ಅಂತ ಟೈಪ್ ಮಾಡಿ ಎಂಟರ್ ಒತ್ತಿ. ಯಾವ ಫೋಲ್ಡರ್‌ನಲ್ಲಿದೆ ಅಂತ ತೋರಿಸಿದರೆ ಪ್ರೋಗ್ರಾಂ ಇದೆ. ಏನೂ ಬರಲಿಲ್ವಾ? ಫ್ಲಾಟ್‌ಪ್ಯಾಕ್ ಮೂಲಕ ಹಾಕಿದ್ದು ಸಾಮಾನ್ಯವಾಗಿ ಇಲ್ಲಿ ಸಿಗಲ್ಲ. 'ಫ್ಲಾಟ್‌ಪ್ಯಾಕ್ ಲಿಸ್ಟ್' ಅಂತ ಕೊಟ್ಟು ನೋಡಿ. ಅಲ್ಲೂ ಇಲ್ಲದಿದ್ರೆ ಆಮೇಲೆ ಇನ್‌ಸ್ಟಾಲ್ ಮಾಡಿ.