ದಂತಸೇತು

ಒಂದು ಹಲ್ಲು ಹೋದರೇನು, ಮಿಕ್ಕವು ಇವೆಯಲ್ಲ ಎಂದು ಸಮಾಧಾನ ತಂದುಕೊಳ್ಳುವುದು ಲೋಕರೂಢಿ. ನಾವೂ ಹಾಗೆಯೇ ಎಣಿಸಿ, ಎಡಗಡೆಯ ಕೆಳದವಡೆಯ ಹಲ್ಲೊಂದನ್ನು ಕೀಳಿಸಿದ ಬಳಿಕ ಎಂಟು ವರ್ಷ ಸುಮ್ಮನಿದ್ದೆವು. ಬಾಚಿಹಲ್ಲಾಗಿದ್ದರೆ ಹಾಗಿರಲಾಗುತ್ತಿರಲಿಲ್ಲ. ತವರ್ಗವೂ ಲಕಾರ ಸಕಾರಗಳೂ ದಂತ್ಯಗಳು. ಮುಂದಿನ ಹಲ್ಲಿಲ್ಲದ ಉಪಾಧ್ಯಾಯನನ್ನು ಹುಡುಗರು ಬಿಡುವರೆ? ಒಳಗಿನದಾದರೋ ಯಾರ ಕಣ್ಣಿಗೂ ಬೀಳದು.

ಹಲ್ಲುಗಳು ಗಾರೆಯಲ್ಲಿ ಕೂರಿಸಿದ ಕಲ್ಲುಗಳಂತೆ ಅಚಲವಾದುವಲ್ಲ; ಒಂದನ್ನೊಂದು ಆತುಕೊಂಡು ನಿಂತಿರುವುವು. ನಡುವೆ ತೆರಪಾದರೆ ಹಿಂದಿನ ಹಲ್ಲು ಮುಂದಕ್ಕೆ ವಾಲುವುದು. ಎದುರಿನ ತಡೆ ತಪ್ಪಿದ ಮೇಲಿನ ಹಲ್ಲು ಕೆಳಕ್ಕೆ ಇಳಿಯುವುದು. ಸಂದಿನಲ್ಲಿ ಅನ್ನ ಸಿಕ್ಕಿ ಕೊಳೆಯುವುದು. ಎಲ್ಲರಲ್ಲಿಯೂ ಇದು ಒಂದೇ ಪ್ರಮಾಣದಲ್ಲಿ ನಡೆಯದು, ಅಷ್ಟೇನೂ ಕದಲದವರೂ ಉಂಟು. ನಮ್ಮ ಬಾಯಲ್ಲಿ ಮಾತ್ರ ಮೂರೂ ನಡೆದುವು.

ಹೀಗೆ ಬೇಗನೆ ಕೆಡುವ ಹಲ್ಲುಗಳಲ್ಲಿ ಆರನೆಯ ವಯಸ್ಸಿನ ಸುಮಾರಿಗೆ ಹುಟ್ಟುವ ಮೊದಲನೆಯ ದವಡೆಹಲ್ಲು ಮುಖ್ಯವಾದುದು. ಇದು ಯಾವ ಹಾಲುಹಲ್ಲನ್ನೂ ಬೀಳಿಸದೆ ಎಲ್ಲಕ್ಕೂ ಹಿಂದೆ ಮೂಡುವುದರಿಂದ, ತಾಯ್ತಂದೆಗಳು ಇದನ್ನೂ ಹಾಲುಹಲ್ಲೆಂದೇ ಭ್ರಮಿಸಿ, ಹುಳುಕಾದರೆ ‘ಬಿದ್ದು ಬೇರೆ ಬರುವುದು’ ಎಂದುಬಿಡುವರು. ಬಾರದು. ದಕ್ಷಯಜ್ಞದಲ್ಲಿ ಹಲ್ಲು ಕಳೆದುಕೊಂಡ ಪೂಷನು ದೇವತೆಯಾಗಿದ್ದರೂ ಹಿಟ್ಟಿನ ಹವಿಸ್ಸಿನಲ್ಲಿಯೇ ತೃಪ್ತನಾಗಬೇಕಾಯಿತಷ್ಟೆ!

ಮನುಷ್ಯರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಇಟಲಿಯ ಎಟ್ರುಸ್ಕನ್ ಜನರು 2,000 ವರ್ಷಗಳಿಗೂ ಹಿಂದೆಯೇ ಚಿನ್ನದ ಪಟ್ಟಿಯಿಂದ ಬೇರೆ ಹಲ್ಲನ್ನು ಅಕ್ಕಪಕ್ಕದ ಹಲ್ಲುಗಳಿಗೆ ಬಿಗಿದಿದ್ದರು. ಈಗಿನ ಬ್ರಿಜ್ಜಿನ ತತ್ತ್ವವೂ ಅದೇ. ತೆರಪಿನ ಎರಡು ಕಡೆಯ ಹಲ್ಲುಗಳನ್ನು ಸುತ್ತಲೂ ತೇಯ್ದು ಸಣ್ಣದಾಗಿಸಿ, ಅವುಗಳ ಮೇಲೆ ಟೊಪ್ಪಿಗೆಯಂತೆ ಎರಡು ಕ್ಯಾಪುಗಳನ್ನೂ ನಡುವೆ ಕೃತಕ ಹಲ್ಲನ್ನೂ ಒಂದೇ ಅಖಂಡವಸ್ತುವಾಗಿ ಕೂರಿಸಿ ಅಂಟಿಸುವರು. ಸೆಟ್ಟಿನಂತೆ ರಾತ್ರಿ ತೆಗೆದಿಡುವ ಕೆಲಸವಿಲ್ಲ.

ವೈದ್ಯರು ಇಷ್ಟು ಹೇಳುತ್ತಿದ್ದಂತೆಯೇ ನಮ್ಮ ಮನೆಯಾಕೆ, “ಏನು ಡಾಕ್ಟರೆ, ಹೋದ ಒಂದಕ್ಕಾಗಿ ಇರುವ ಎರಡನ್ನು ತೇಯುವುದುಂಟೆ?” ಎಂದು ಕೇಳಿದಳು. ತರ್ಕಶಾಸ್ತ್ರ ಓದಿದ ನಮಗೆ ಈ ಪೂರ್ವಪಕ್ಷ ಹೊಳೆದಿರಲಿಲ್ಲ. ವೈದ್ಯರು ನಗಲಿಲ್ಲ. “ಅದೇ ಮುಖ್ಯವಾದ ಪ್ರಶ್ನೆ, ತಾಯಿ” ಎಂದರು. ತೇಯ್ದ ಎನಾಮಲ್ ಮತ್ತೆ ಬೆಳೆಯದು. ತೇಯ್ದ ಹಲ್ಲುಗಳಲ್ಲಿ ಕೆಲವು ಮುಂದೆ ಒಳಗಿನ ಜೀವವನ್ನು ಕಳೆದುಕೊಂಡು, ಬೇರಿನ ಚಿಕಿತ್ಸೆಯನ್ನು ಬೇಡುವುದೂ ಉಂಟು. ಆದಕಾರಣ ಅಕ್ಕಪಕ್ಕದವು ನಿರ್ದುಷ್ಟವಾಗಿದ್ದರೆ, ದವಡೆಯೆಲುಬಿನಲ್ಲಿ ಟೈಟಾನಿಯಂ ತಿರುಪನ್ನು ನಾಟಿ ಅದರ ಮೇಲೆ ಹಲ್ಲು ಕೂರಿಸುವ ಇಂಪ್ಲಾಂಟನ್ನು ಮೊದಲು ಯೋಚಿಸತಕ್ಕದ್ದು. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1965ರಲ್ಲಿ ಮೊದಲ ರೋಗಿಗೆ ಇದನ್ನು ಅಳವಡಿಸಿದರು. ಬಾಚಿಹಲ್ಲೊಂದೇ ಹೋಗಿದ್ದರೆ, ಪಕ್ಕದ ಹಲ್ಲಿನ ಹಿಂಬದಿಗೆ ರೆಕ್ಕೆಯಂತೆ ಅಂಟಿಸುವ, ತೇಯ್ತ ಬಹಳ ಕಡಮೆಯಾದ ಬ್ರಿಜ್ಜೂ ಉಂಟು.

ನಮ್ಮ ಸಂಗತಿ ಬೇರೆ. ಮುಂದಿನ ಹಲ್ಲಿನ ಅರ್ಧಭಾಗ ಹಳೆಯ ಸಿಮೆಂಟು, ಹಿಂದಿನದರಲ್ಲಿ ಹುಳುಕು; ಎರಡಕ್ಕೂ ಹೇಗಿದ್ದರೂ ಕ್ಯಾಪು ಬೇಕಾಗಿತ್ತು. ಇದನ್ನು ಎಕ್ಸ್‌ರೇ ಚಿತ್ರದಲ್ಲಿ ತೋರಿಸಿದ ಮೇಲೆಯೇ ಮನೆಯಾಕೆ ಒಪ್ಪಿದಳು. ಆದರೂ ಎಂಟು ವರ್ಷದ ದಂಡ ತಪ್ಪಲಿಲ್ಲ. ಎರಡು ಆಧಾರಗಳೂ ಸಮಾನಾಂತರವಾಗಿದ್ದಲ್ಲದೆ ಸೇತುವೆ ಇಳಿಯದು. ಆದುದರಿಂದ ವಾಲಿದ ಹಲ್ಲನ್ನು ಹೆಚ್ಚಾಗಿ ತೇಯಬೇಕಾಯಿತು. ಇಳಿದಿದ್ದ ಮೇಲಿನ ಹಲ್ಲನ್ನೂ, ಅದರದೇನೂ ತಪ್ಪಿಲ್ಲದಿದ್ದರೂ, ತುಸು ಸವರಿದರು. ಸೂಜಿಮದ್ದಿನಿಂದ ನೋವು ತಿಳಿಯಲಿಲ್ಲ. ಯಂತ್ರದ ಕೀರಲು ಧ್ವನಿ ಮಾತ್ರ ಅಸಹ್ಯ. ಅಚ್ಚು ತೆಗೆದು, ತಾತ್ಕಾಲಿಕ ಹಲ್ಲು ಕೂರಿಸಿ, ಕೆಲದಿನಗಳ ಮೇಲೆ ಜಿರ್ಕೋನಿಯಾದ ಸೇತುವೆಯನ್ನು ಅಂಟಿಸಿದರು.

ಸೇತುವೆಗೆ ಹುಳುಕು ಹತ್ತದು. ಅದರ ಅಂಚಿನಲ್ಲಿ ಅಡಗಿರುವ ನಿಜವಾದ ಹಲ್ಲಿಗೆ ಹತ್ತುವುದು. ಒಂದು ಆಧಾರ ಕೆಟ್ಟರೆ ಸಾಮಾನ್ಯವಾಗಿ ಇಡಿಯದೇ ಹೋಗುವುದು. ಕೃತಕ ಹಲ್ಲಿನ ಕೆಳಗೆ, ಒಸಡಿನ ಮೇಲೆ, ಕಿರಿಯ ಬ್ರಷ್ಷನ್ನೋ ದಪ್ಪದಾರವನ್ನೋ ದಿನಕ್ಕೊಮ್ಮೆ ಆಡಿಸಬೇಕು. ಹೀಗೆ ನೋಡಿಕೊಂಡರೆ ಬಹುಮಟ್ಟಿನ ಬ್ರಿಜ್ಜುಗಳು ಹತ್ತು ವರ್ಷ ಬಾಳುವುವು. ರಾತ್ರಿ ಕನ್ನಡಿಯ ಮುಂದೆ ನಾವು ಈ ಕೈಂಕರ್ಯದಲ್ಲಿರುವಾಗ, ಹಳೆಯ ಹಲ್ಲಿಗೆ ಇದರ ಅರ್ಧ ಸೇವೆಯಾದರೂ ಸಂದಿತ್ತೆ ಎಂದು ಮನೆಯಾಕೆ ಕೇಳುವುದುಂಟು. ಬಾಯಲ್ಲಿ ಬ್ರಷ್ಷಿರುವುದರಿಂದ ಉತ್ತರ ಕೊಡಲಾಗುವುದಿಲ್ಲ.

ಒಂದು ವೇಳೆ ಸೇತುವೆ ಸಡಿಲಗೊಂಡು ಕೈಗೆ ಬಂದರೆ, ಅಂಗಡಿಯ ಅಂಟಿನಿಂದ ತಾವೇ ಕೂರಿಸಿಕೊಳ್ಳಲಾಗದು. ತೊಳೆದು, ಡಬ್ಬಿಯಲ್ಲಿಟ್ಟು, ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು. ಆಧಾರದ ಹಲ್ಲುಗಳು ಕೆಡದಿದ್ದರೆ ಅದನ್ನೇ ಮತ್ತೆ ಅಂಟಿಸಲು ಬರುವುದುಂಟು.