ಹಿಂತಿರುಗಲು ಬಲ್ಲವನೇ ಏರಬಲ್ಲ

ಪುಟ್ಟ ಮಗು ಮಂಚ ಹತ್ತುವುದನ್ನು ನೀವು ನೋಡಿರಬಹುದು. ಹೇಗೋ ತಿಣುಕಾಡಿ ಹತ್ತಿಬಿಡುತ್ತದೆ. ಆದರೆ ಇಳಿಯುವುದು ಹೇಗೆಂದು ತಿಳಿಯದೆ ಅಳತೊಡಗುತ್ತದೆ. ಬೆಟ್ಟ ಹತ್ತುವವರ ಪಾಡೂ ಕೆಲವೊಮ್ಮೆ ಹೀಗೆಯೇ. ಹತ್ತುವ ಉತ್ಸಾಹ ಎಲ್ಲರಲ್ಲೂ ಇರುತ್ತದೆ. ಯಾವಾಗ ನಿಲ್ಲಬೇಕು, ಯಾವಾಗ ಹಿಂತಿರುಗಬೇಕು ಎಂಬ ವಿವೇಕ ಎಷ್ಟು ಮಂದಿಗೆ ಇರುತ್ತದೆ?

ಇದಕ್ಕೊಂದು ಉತ್ತಮ ನಿದರ್ಶನ ಭೂಮಿಯ ಉತ್ತರದ ಅಂಚಿನಲ್ಲಿದೆ. ಅದು ನಾರ್ವೆ ದೇಶದ ಸ್ಟೆಟಿಂಡ್ ಎಂಬ ಕಲ್ಲಿನ ಶಿಖರ.

ಸಮುದ್ರದಿಂದೆದ್ದ ಬಂಡೆ

ಸ್ಟೆಟಿಂಡ್‌ನ ಎತ್ತರ 1392 ಮೀಟರ್. ಅಂದರೆ ಎವರೆಸ್ಟಿನ ಆರನೇ ಒಂದು ಭಾಗಕ್ಕಿಂತಲೂ ಕಡಿಮೆ. ಇಷ್ಟೇನಾ ಎಂದು ಮೂಗು ಮುರಿಯಬೇಡಿ. ಸಮುದ್ರದ ನೀರು ನೆಲದೊಳಕ್ಕೆ ಉದ್ದವಾಗಿ ಚಾಚಿರುವ ಫಿಯೋರ್ಡ್ ಒಂದರ ದಡದಿಂದಲೇ ಈ ಗ್ರಾನೈಟ್ ಬೆಟ್ಟ ಮೇಲೇಳುತ್ತದೆ. ಕೆಳಗೆ ನೀರು, ಮೇಲೆ ನೇರವಾಗಿ ನಿಂತ ಬಂಡೆ! ಹಿಮಯುಗಗಳಲ್ಲಿ ನೀರ್ಗಲ್ಲು ನದಿಗಳು ಇದರ ಬದಿಗಳನ್ನು ಉಜ್ಜಿ, ಕೆತ್ತಿ ನುಣುಪಾಗಿಸಿವೆ. ಕಮ್ಮಾರನು ಕಾದ ಕಬ್ಬಿಣವನ್ನಿಟ್ಟು ಬಡಿಯುವ ಅಡಿಗಲ್ಲಿನಂತೆ ಇದರ ನೆತ್ತಿ ಚಪ್ಪಟೆಯಾಗಿದೆ. ಬೆಟ್ಟಕ್ಕೆ ಈ ಹೆಸರು ಬಂದದ್ದೂ ಅದರಿಂದಲೇ. 2002ರಲ್ಲಿ ನಾರ್ವೆಯ ಜನರು ಇದನ್ನೇ ತಮ್ಮ ರಾಷ್ಟ್ರೀಯ ಬೆಟ್ಟವನ್ನಾಗಿ ಆರಿಸಿಕೊಂಡರು.

ಇದು ಆರ್ಕ್ಟಿಕ್ ವೃತ್ತದಿಂದಲೂ ಮೇಲಿರುವ ಪ್ರದೇಶ. ಡಿಸೆಂಬರ್ ನಡುವಿನಲ್ಲಿ ಇಲ್ಲಿ ಸೂರ್ಯ ಉದಯಿಸುವುದಿಲ್ಲ. ಜೂನ್ ತಿಂಗಳಲ್ಲಿ ಮುಳುಗುವುದೇ ಇಲ್ಲ. ಮಧ್ಯರಾತ್ರಿಯಲ್ಲೂ ಬೆಳಕಿದ್ದರೆ ಹತ್ತುವವರಿಗೆ ಅನುಕೂಲವೆಂದು ನಿಮಗೆ ಅನಿಸಬಹುದು. ಆದರೆ ಅದರಲ್ಲೊಂದು ಅಪಾಯವೂ ಇದೆ. 'ಇನ್ನು ಸಾಕು' ಎಂದು ಹೇಳಲು ಕತ್ತಲೆ ಬರುವುದಿಲ್ಲ. ದಣಿವು ಮೈಯನ್ನಾವರಿಸಿದರೂ ಕಣ್ಣು ಇನ್ನೂ ಹಗಲೆಂದೇ ಭ್ರಮಿಸುತ್ತದೆ.

ಹತ್ತಲಾಗದವರ ಪಟ್ಟಿ

1888ರಲ್ಲಿ ಜರ್ಮನಿಯ ಪಾಲ್ ಗೂಸ್‌ಫೆಲ್ಟ್ ಸ್ಟೆಟಿಂಡ್ ಏರಲು ಬಂದು ವಿಫಲನಾದ. ಮರುವರ್ಷ ಡೆನ್ಮಾರ್ಕಿನ ಕಾರ್ಲ್ ಹಾಲ್ ಬಂದ. ಮುಖ್ಯ ಶಿಖರದ ಮುಂದಿರುವ ಕಿರುಶಿಖರದವರೆಗೆ ಮಾತ್ರ ತಲುಪಿದ. ಅದನ್ನು ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ನಾರ್ವೆಯ ಹಲವು ಶಿಖರಗಳನ್ನು ಮೊದಲು ಏರಿದ ಇಂಗ್ಲೆಂಡಿನ ವಿಲಿಯಂ ಸೆಸಿಲ್ ಸ್ಲಿಂಗ್ಸ್‌ಬಿಗೂ ಈ ಬೆಟ್ಟ ಸೋಲಲಿಲ್ಲ.

ತೊಡಕು ಎಲ್ಲಿದೆ ಗೊತ್ತೇ? ಕಿರುಶಿಖರದವರೆಗೆ ಕಲ್ಲುಗಳ ಮೇಲೆ ನಡೆದೇ ಹೋಗಬಹುದು. ಅಲ್ಲಿಂದ ಕಿರಿದಾದ ಬಂಡೆಯ ಏಣೊಂದನ್ನು ದಾಟಿ ಮುಖ್ಯ ಶಿಖರಕ್ಕೆ ಹೋಗಬೇಕು. ಇಕ್ಕೆಲಗಳಲ್ಲೂ ಪ್ರಪಾತ. ದಾರಿಗೆ ಅಡ್ಡವಾಗಿ ಒಂದು ದೊಡ್ಡ ಬಂಡೆ. ಅದರ ಹೆಸರು 'ಮ್ಯೂಸೊಸ್ಟೆನ್'. ಹಾಲು ಒಡೆದಾಗ ಉಳಿಯುವ ನೀರನ್ನು ಬತ್ತಿಸಿ ನಾರ್ವೆಯ ಮನೆಗಳಲ್ಲಿ ತಯಾರಿಸುವ ಕಂದು ಬಣ್ಣದ ಚೀಸ್‌ನ ಹೆಸರದು. ಅಡುಗೆ ಮನೆಯ ಹೆಸರು. ಆದರೆ ದಾಟುವವರ ಎದೆ ನಡುಗುತ್ತದೆ. ಕೈಬೆರಳುಗಳನ್ನು ಬಂಡೆಗೆ ಬಿಗಿಯಾಗಿ ಹಿಡಿದು, ಕಾಲಿಗೆ ಸಿಕ್ಕ ಆಸರೆಯಲ್ಲಿ ಪಕ್ಕಕ್ಕೆ ಸರಿಯುತ್ತಾ ಹೋಗಬೇಕು. ಕೆಳಗೆ ಬರೀ ಗಾಳಿ!

ಹಿಮಾಲಯದಿಂದ ಬಂದವನು

1910ರ ಜುಲೈ 30ರಂದು ಮೂವರು ಈ ಶಿಖರದ ನೆತ್ತಿಯ ಮೇಲೆ ನಿಂತರು. ಫರ್ಡಿನಾಂಡ್ ಶೆಲ್ಡರುಪ್, ಆಲ್ಫ್ ಬ್ರಿನ್ ಮತ್ತು ಕಾರ್ಲ್ ವಿಲ್ಹೆಲ್ಮ್ ರೂಬೆನ್ಸನ್.

ಇವರಲ್ಲಿ ರೂಬೆನ್ಸನ್‌ನನ್ನು ನಾವು ವಿಶೇಷವಾಗಿ ಗಮನಿಸಬೇಕು. ಮೂರು ವರ್ಷ ಮೊದಲು, 1907ರಲ್ಲಿ ಅವನು ನಮ್ಮ ಸಿಕ್ಕಿಂನಲ್ಲಿದ್ದ. ಮೊನ್ರಾಡ್ ಆಸ್ ಎಂಬ ಗೆಳೆಯನೊಂದಿಗೆ 7300 ಮೀಟರಿಗಿಂತಲೂ ಎತ್ತರವಾದ ಕಬ್ರು ಪರ್ವತವನ್ನು ಏರುತ್ತಿದ್ದ. ತುದಿ ತೀರಾ ಸಮೀಪದಲ್ಲಿತ್ತು. ಆದರೆ ಕೊರೆಯುವ ಚಳಿ, ಬಿರುಗಾಳಿ. ಇಬ್ಬರೂ ತುದಿ ಮುಟ್ಟದೆಯೇ ಹಿಂತಿರುಗಿದರು.

ಸ್ವಲ್ಪ ಯೋಚಿಸಿ ನೋಡಿ. ದೇಶ ದಾಟಿ ಬಂದು, ವಾರಗಟ್ಟಲೆ ಕಷ್ಟಪಟ್ಟು, ಕಣ್ಣೆದುರಿಗಿರುವ ತುದಿಯನ್ನು ಬಿಟ್ಟು ಬರುವುದು ಸುಲಭವೇ? 'ಇನ್ನು ಸ್ವಲ್ಪವೇ ಇದೆಯಲ್ಲ' ಎಂದು ಮನಸ್ಸು ಎಳೆಯುವುದಿಲ್ಲವೇ? ಆ ಎಳೆತವನ್ನು ಗೆದ್ದುದರಿಂದಲೇ ಅವನು ಬದುಕಿ ಬಂದ. ಬದುಕಿ ಬಂದುದರಿಂದಲೇ ಸ್ಟೆಟಿಂಡ್‌ನ ನೆತ್ತಿಯಲ್ಲಿ ನಿಲ್ಲಲು ಸಾಧ್ಯವಾಯಿತು.

ಉತ್ತರದ ಬೆಟ್ಟಗಳಲ್ಲೊಬ್ಬ ಮಹಿಳೆ

ಇದೆಲ್ಲ ಗಂಡಸರ ಕಥೆಯೇ ಎಂದು ನೀವು ಕೇಳಬಹುದು. ಅಲ್ಲ. ಈ ಮೂವರಿಗಿಂತ ಹತ್ತು ವರ್ಷಕ್ಕೂ ಮೊದಲೇ, 1898 ಮತ್ತು 1899ರ ಬೇಸಿಗೆಗಳಲ್ಲಿ ಎಲಿಜಬೆತ್ ಲೆ ಬ್ಲಾಂಡ್ ಎಂಬ ಮಹಿಳೆ ಸ್ಟೆಟಿಂಡ್‌ಗಿಂತಲೂ ಉತ್ತರದಲ್ಲಿರುವ ಲಿಂಗೆನ್ ಪರ್ವತಗಳಿಗೆ ಹೋಗಿ, ಅದುವರೆಗೆ ಯಾರೂ ಹತ್ತದ ಹಲವು ಶಿಖರಗಳನ್ನೇರಿದರು. ಆಕೆ ಮೊದಲು ಸ್ವಿಟ್ಜರ್ಲೆಂಡಿನ ಬೆಟ್ಟಗಳಿಗೆ ಹೋದದ್ದು ಆರೋಗ್ಯ ಸುಧಾರಣೆಗಾಗಿ! ಅಂದಿನ ಸಮಾಜ ಮಹಿಳೆಯರು ಬೆಟ್ಟ ಹತ್ತುವುದನ್ನು ಮೆಚ್ಚುತ್ತಿರಲಿಲ್ಲ. ಆಕೆ ಅಂಜಲಿಲ್ಲ. 1907ರಲ್ಲಿ ಲಂಡನ್ನಿನಲ್ಲಿ ಮಹಿಳಾ ಪರ್ವತಾರೋಹಿಗಳ ಸಂಘ ಸ್ಥಾಪನೆಯಾದಾಗ ಅದರ ಮೊದಲ ಅಧ್ಯಕ್ಷೆಯಾದರು.

ಅರ್ಧ ದಾರಿ ಮಾತ್ರ

ಇಂದು ಸ್ಟೆಟಿಂಡ್‌ನ ಬುಡದವರೆಗೂ ರಸ್ತೆ ಇದೆ. ಹಗ್ಗ, ಶಿರಸ್ತ್ರಾಣ, ಮಾರ್ಗದರ್ಶಕರು ಎಲ್ಲವೂ ಲಭ್ಯ. ಆದರೂ ಬೆಟ್ಟ ಸುಲಭವಾಗಿಲ್ಲ. ಸಮುದ್ರದ ಕಡೆಯಿಂದ ಮಂಜು ಕವಿದರೆ ದಾರಿ ಕಾಣದು. ಮಳೆ ಬಿದ್ದರೆ ನುಣುಪು ಬಂಡೆಯ ಮೇಲೆ ಕಾಲು ನಿಲ್ಲದು. ಒಬ್ಬರು ಮುಂದೆ ಸಾಗುವಾಗ ಇನ್ನೊಬ್ಬರು ಬಂಡೆಗೆ ಭದ್ರವಾಗಿ ಕಟ್ಟಿಕೊಂಡು ಹಗ್ಗ ಹಿಡಿದು ಕಾಯುತ್ತಾರೆ. ಒಬ್ಬರ ಪ್ರಾಣ ಇನ್ನೊಬ್ಬರ ಕೈಯಲ್ಲಿ. ಅಲ್ಲಿ ಹಠಮಾರಿಗಳಿಗಿಂತ, ಜೊತೆಗಾರನ ದಣಿವನ್ನು ಅರ್ಥ ಮಾಡಿಕೊಳ್ಳುವವರೇ ಬೇಕು.

ಇನ್ನೊಂದು ವಿಷಯ. ತುದಿ ತಲುಪಿದವರು ಮತ್ತೆ ಅದೇ ಏಣಿನ ಮೇಲೆ, ಅದೇ ಚೀಸ್ ಬಂಡೆಯನ್ನು ದಾಟಿಯೇ ಬರಬೇಕು. ಅಷ್ಟರಲ್ಲಿ ಕೈ ಸೋತಿರುತ್ತದೆ, ಗಮನ ಸಡಿಲವಾಗಿರುತ್ತದೆ. ಆದ್ದರಿಂದ ತುದಿ ಎಂದರೆ ಅರ್ಧ ದಾರಿ ಮಾತ್ರ. ಉಳಿದರ್ಧ ದಾರಿಗೆ ಬೇಕಾದ ಶಕ್ತಿಯನ್ನು ಉಳಿಸಿಕೊಂಡವರೇ ನಿಜವಾಗಿ ಬೆಟ್ಟ ಹತ್ತಿದವರು.

ನಮ್ಮ ಮಕ್ಕಳಿಗೆ 'ಮುಂದೆ ಹೋಗು, ಗೆದ್ದು ಬಾ' ಎಂದು ಹೇಳುತ್ತಲೇ ಇರುತ್ತೇವೆ. ಅದು ಸರಿಯೇ. ಅದರ ಜೊತೆಗೆ, 'ಆಗದಿದ್ದರೆ ಹಿಂತಿರುಗಿ ಬಾ, ಮನೆಯ ಬಾಗಿಲು ತೆರೆದೇ ಇರುತ್ತದೆ' ಎಂದೂ ಹೇಳುತ್ತೇವೆಯೇ? ರೂಬೆನ್ಸನ್ ಹಿಂತಿರುಗಿ ಬಂದ. ಮೂರು ವರ್ಷಗಳ ನಂತರ ಇನ್ನೊಂದು ತುದಿ ಅವನಿಗಾಗಿ ಕಾದಿತ್ತು.