ಕಾಲವನ್ನು ಕಾಯುವ ಸರಪಣಿ

ಕಾರನ್ನು ನಿತ್ಯವೂ ಬಳಸುವವರಲ್ಲಿ ಅದರ ಚಕ್ರ, ಬ್ರೇಕು, ಬ್ಯಾಟರಿಗಳ ಯೋಗಕ್ಷೇಮವನ್ನು ವಿಚಾರಿಸುವವರು ಬಹುಮಂದಿ ಇದ್ದರೂ, ಎಂಜಿನ್ನಿನೊಳಗೆ ಮುಚ್ಚಳವೊಂದರ ಮರೆಯಲ್ಲಿ, ಎಣ್ಣೆಯಿಂದ ತೊಯ್ದು, ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಸುತ್ತುತ್ತಿರುವ ಟೈಮಿಂಗ್ ಚೈನನ್ನು ನೆನೆಯುವವರು ವಿರಳ. ಅದು ಸವೆದು ಸದ್ದುಮಾಡತೊಡಗಿದ ದಿನ ಮಾತ್ರ ಅದರ ಹೆಸರು ಮೆಕ್ಯಾನಿಕ್ಕನ ಬಾಯಿಂದ ಕೇಳಿಬರುತ್ತದೆ. ಒಡನೆಯೇ ಖರ್ಚಿನ ಭೀತಿಯೂ ಹುಟ್ಟುತ್ತದೆ. ಈ ಸರಪಣಿಯನ್ನು ಮನೆಯಂಗಳದಲ್ಲಿಯೇ ಸಾಮಾನ್ಯ ಗೃಹಸ್ಥನೊಬ್ಬನು ಬದಲಾಯಿಸಬಲ್ಲನೇ ಎಂದು ಕೇಳಿದರೆ, ಎಂಜಿನ್ನಿನ ಜಾತಿಯನ್ನರಿತು, ಕ್ರಮವನ್ನು ಮೀರದೆ, ಅವಸರವನ್ನು ತೊರೆದು ಕೈಹಾಕುವವನು ನಿಶ್ಚಯವಾಗಿಯೂ ಬದಲಾಯಿಸಬಲ್ಲನೆಂಬುದೇ ಉತ್ತರ. ಏಕೆಂದರೆ ಈ ಕಾರ್ಯವು ಬೇಡುವುದು ತೋಳಿನ ಬಲಕ್ಕಿಂತ ಹೆಚ್ಚಾಗಿ ಗುರುತುಗಳ ಮೇಲಣ ನಿಷ್ಠೆಯನ್ನು.

1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೋ ಸಾಧಿಸಿ ತೋರಿಸಿದ ನಾಲ್ಕು ಹೊಡೆತಗಳ ಎಂಜಿನ್ನಿನ ತತ್ತ್ವವೇ ಇಂದಿನ ಪೆಟ್ರೋಲ್ ಕಾರುಗಳಿಗೂ ಆಧಾರವಾಗಿದೆ. ಪಿಸ್ಟನ್ನು ಕೆಳಗಿಳಿದು ಗಾಳಿ ಮತ್ತು ಇಂಧನಗಳ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ, ಮೇಲೇರಿ ಅದನ್ನು ಅದುಮುತ್ತದೆ, ಉರಿದ ಅನಿಲದ ಒತ್ತಡಕ್ಕೆ ಮತ್ತೆ ಕೆಳಗಿಳಿದು ಶಕ್ತಿಯನ್ನೀಯುತ್ತದೆ, ಪುನಃ ಮೇಲೇರಿ ಹೊಗೆಯನ್ನು ಹೊರದೂಡುತ್ತದೆ. ಈ ನಾಲ್ಕು ಚಲನೆಗಳು ಮುಗಿಯುವಷ್ಟರಲ್ಲಿ ಕ್ರ್ಯಾಂಕ್ ಶಾಫ್ಟು ಎರಡು ಸುತ್ತು ತಿರುಗಿರುತ್ತದೆ. ಆದರೆ ಪ್ರತಿಯೊಂದು ವಾಲ್ವೂ ಅಷ್ಟರಲ್ಲಿ ಒಂದೇ ಸಲ ತೆರೆದು ಮುಚ್ಚಬೇಕಾಗಿರುವುದರಿಂದ, ವಾಲ್ವುಗಳನ್ನು ಒತ್ತುವ ಕ್ಯಾಮ್ ಶಾಫ್ಟು ಒಂದೇ ಸುತ್ತು ತಿರುಗತಕ್ಕದ್ದು. ಕ್ಯಾಮಿನ ಹಲ್ಲುಚಕ್ರಕ್ಕೆ ಕ್ರ್ಯಾಂಕಿನ ಹಲ್ಲುಚಕ್ರಕ್ಕಿಂತ ಎರಡರಷ್ಟು ಹಲ್ಲುಗಳಿರುವುದು ಇದಕ್ಕಾಗಿಯೇ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುತ್ತಿರುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಯಕ್ಷಗಾನದ ರಂಗದಲ್ಲಿ ಭಾಗವತನ ತಾಳವು ಮದ್ದಳೆಯನ್ನೂ ಕುಣಿಯುವ ಹೆಜ್ಜೆಯನ್ನೂ ಒಂದೇ ಲಯದಲ್ಲಿ ಹಿಡಿದಿಡುವಂತೆ, ಮೇಲೆ ಕೆಳಗೆ ಓಡಾಡುವ ಪಿಸ್ಟನ್ನುಗಳನ್ನೂ ತೆರೆದು ಮುಚ್ಚುವ ವಾಲ್ವುಗಳನ್ನೂ ಒಂದು ಕ್ಷಣವೂ ಅಗಲಗೊಡದೆ ಹಿಡಿದಿರುವುದು ಈ ಸರಪಣಿಯ ಧರ್ಮ.

ಸ್ವಿಟ್ಜರ್ಲೆಂಡಿನಲ್ಲಿ ಜನಿಸಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನಾಲ್ಡ್ 1880ರಲ್ಲಿ ಉರುಳೆಗಳುಳ್ಳ ಸರಪಣಿಗೆ ಪೇಟೆಂಟನ್ನು ಪಡೆದನು; ಯಂತ್ರಗಳಲ್ಲಿ ಇಂದು ಬಳಕೆಯಲ್ಲಿರುವ ರೋಲರ್ ಚೈನುಗಳೆಲ್ಲವೂ ಆ ಕಲ್ಪನೆಯ ಸಂತತಿಯೇ. ಇಂತಹ ಸರಪಣಿಯ ಉಕ್ಕಿನ ಪಟ್ಟಿಗಳು ಸುಲಭವಾಗಿ ಹಿಗ್ಗುವವಲ್ಲ. ಕೊಂಡಿ ಕೊಂಡಿಗಳ ಸಂಧಿಯಲ್ಲಿರುವ ಮೊಳೆಯೂ ಅದರ ಸುತ್ತಣ ಕೊಳವೆಯೂ ಒಂದನ್ನೊಂದು ತೇಯ್ದುಕೊಳ್ಳುವುದರಿಂದಲೇ ಅದು ಉದ್ದವಾಗುತ್ತದೆ. ಅರವತ್ತು ಸಂಧಿಗಳುಳ್ಳ ಸರಪಣಿಯಲ್ಲಿ ಒಂದೊಂದು ಸಂಧಿಯೂ 0.05 ಮಿಲಿಮೀಟರಿನಷ್ಟು ಸವೆಯಿತೆಂದಿಟ್ಟುಕೊಂಡರೆ, ಕಣ್ಣಿಗೆ ಕಾಣದ ಆ ಸವೆತಗಳೆಲ್ಲ ಕೂಡಿ 3 ಮಿಲಿಮೀಟರಾಗುತ್ತದೆ. ಆಗ ಕ್ಯಾಮು ಕ್ರ್ಯಾಂಕಿಗಿಂತ ತುಸು ಹಿಂದೆ ಬೀಳುತ್ತದೆ, ವಾಲ್ವುಗಳು ತಡವಾಗಿ ತೆರೆಯುತ್ತವೆ, ಎಂಜಿನ್ನಿನ ಕಸುವು ಕುಗ್ಗುತ್ತದೆ. ಈ ಸವೆತವನ್ನು ತ್ವರೆಗೊಳಿಸುವುದರಲ್ಲಿ ಕೊಳಕಾದ ಎಣ್ಣೆಗೆ ಮಿಗಿಲಾದ ಶತ್ರುವಿಲ್ಲ. ಸಕಾಲದಲ್ಲಿ ಆಯಿಲ್ ಬದಲಾಯಿಸುವವನ ಚೈನು ದೀರ್ಘಾಯುವಾಗಿರುತ್ತದೆ. ಬೆಳಗಿನ ತಂಪಿನಲ್ಲಿ ಎಂಜಿನ್ನು ಚಾಲೂ ಆದೊಡನೆ ಮುಂಭಾಗದಿಂದ ಗಲಗಲ ಸದ್ದು ಬಂದು, ಎಣ್ಣೆಯ ಒತ್ತಡ ಏರಿದ ಮೇಲೆ ಅಡಗುವುದು ಸವೆತದ ಮೊದಲ ಸೂಚನೆಗಳಲ್ಲೊಂದು.

ಮನೆಯಲ್ಲಿ ಮಾಡಬಹುದಾದ ಕೆಲಸಕ್ಕೆ ನಿದರ್ಶನವಾಗಿ, ನಮ್ಮ ದೇಶದ ಸರಕಾರಿ ಕಚೇರಿಗಳಿಗೂ ಬಾಡಿಗೆ ಟ್ಯಾಕ್ಸಿಗಳಿಗೂ ದೀರ್ಘಕಾಲ ಸೇವೆ ಸಲ್ಲಿಸಿದ ಅಂಬಾಸಡರ್ ಕಾರನ್ನು ತೆಗೆದುಕೊಳ್ಳೋಣ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡಿನಿಂದ ರೂಪತಳೆದು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗಿ, 2014ರಲ್ಲಿ ನಿರ್ಮಾಣ ನಿಂತುಹೋದ ಈ ವಾಹನದ 1489 ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಕ್ಯಾಮ್ ಶಾಫ್ಟು ತಲೆಯ ಮೇಲಿರದೆ ಬ್ಲಾಕಿನೊಳಗೇ ಇರುವುದರಿಂದ, ಸರಪಣಿಯು ಗಿಡ್ಡವಾಗಿದ್ದು ರೇಡಿಯೇಟರಿನ ಕಡೆಗೆ ಮುಖಮಾಡಿರುತ್ತದೆ. ಅದನ್ನು ತಲಪಲು ಸಿಲಿಂಡರ್ ಹೆಡ್ಡನ್ನು ಬಿಚ್ಚಬೇಕಾಗಿಲ್ಲ.

ಎಂಜಿನ್ನು ಪೂರ್ತಿಯಾಗಿ ತಣಿದ ಮೇಲೆ, ಸಮತಟ್ಟಾದ ನೆಲದಲ್ಲಿ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಬ್ಯಾಟರಿಯ ಅರ್ತ್ ತಂತಿಯನ್ನು ಕಳಚಿ ಕೆಲಸಕ್ಕೆ ತೊಡಗತಕ್ಕದ್ದು. ರೇಡಿಯೇಟರಿನಿಂದಿಳಿಸಿದ ನೀರಿನಲ್ಲಿ ಕೂಲಂಟು ಬೆರೆತಿದ್ದರೆ ಅದು ವಿಷವೆಂಬುದನ್ನೂ, ಅದರ ಸಿಹಿಗೆ ಮರುಳಾಗಿ ನಾಯಿ ಬೆಕ್ಕುಗಳು ನೆಕ್ಕುವುದುಂಟೆಂಬುದನ್ನೂ ಮರೆಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಡಬೇಕು. ರೇಡಿಯೇಟರನ್ನೂ ಫ್ಯಾನ್ ಬೆಲ್ಟನ್ನೂ ತೆಗೆದ ಬಳಿಕ, ಒಂದನೆಯ ಸಿಲಿಂಡರಿನ ಪಿಸ್ಟನ್ನು ತುತ್ತತುದಿಗೆ ಬರುವಂತೆ ಎಂಜಿನ್ನನ್ನು ಅದು ಸಹಜವಾಗಿ ತಿರುಗುವ ದಿಕ್ಕಿನಲ್ಲಿಯೇ ಕೈಯಿಂದ ತಿರುಗಿಸಿ ನಿಲ್ಲಿಸಬೇಕು. ಆಮೇಲೆ ಕಾರನ್ನು ಗೇರಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಪುಲ್ಲಿಯನ್ನು ಹಿಡಿದಿರುವ ದೊಡ್ಡ ನಟ್ಟಿನ ಬೀಗದ ವಾಷರನ್ನು ಬಗ್ಗಿಸಿ ನಟ್ಟನ್ನು ಬಿಚ್ಚಬೇಕು. ಇಡೀ ಕೆಲಸದಲ್ಲಿ ದೇಹಬಲವನ್ನು ಬೇಡುವ ಘಟ್ಟವೆಂದರೆ ಇದೊಂದೇ. ಬಿಚ್ಚಿದ ಬೋಲ್ಟುಗಳನ್ನು ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು ಅವುಗಳ ಸ್ಥಾನದಲ್ಲಿಯೇ ಚುಚ್ಚಿಡುವುದು ಉತ್ತಮ. ಹಂತಹಂತಕ್ಕೂ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳುವುದು ಇನ್ನೂ ಉತ್ತಮ.

ಮುಚ್ಚಳ ತೆರೆದೊಡನೆ ಕ್ರ್ಯಾಂಕಿನ ಮೇಲೆ ಬಟ್ಟಲಿನಾಕಾರದ ಎಣ್ಣೆತಡೆಯ ಬಿಲ್ಲೆಯೊಂದು ಕಾಣುವುದು. ಅದರ ತಗ್ಗಾದ ಮೈ ಯಾವ ಕಡೆಗಿತ್ತೆಂಬುದನ್ನು ಗುರುತಿಸಿಟ್ಟುಕೊಂಡು ತೆಗೆದ ಮೇಲೆ, ಎರಡು ಹಲ್ಲುಚಕ್ರಗಳ ಮುಖದಲ್ಲಿಯೂ ಒಂದೊಂದು ಸಣ್ಣ ಚುಕ್ಕೆಯನ್ನು ಹುಡುಕಬೇಕು. ಚುಕ್ಕೆಗಳೆರಡೂ ಪರಸ್ಪರ ಎದುರುಬದುರಾಗಿ, ಎರಡು ಶಾಫ್ಟುಗಳ ನಡುಬಿಂದುಗಳನ್ನು ಸೇರಿಸುವ ರೇಖೆಯ ಮೇಲೆ ನಿಲ್ಲುವುದೇ ಸರಿಯಾದ ಸ್ಥಿತಿ. ಕ್ಯಾಮಿನ ಚುಕ್ಕೆ ಆಚೆಯ ಬದಿಗಿದ್ದರೆ ಗಾಬರಿ ಬೇಡ. ಗೇರನ್ನು ಬಿಡಿಸಿ ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿದರೆ ಅದು ಈಚೆಗೆ ಬರುತ್ತದೆ. ಅನಂತರ ಎರಡು ಚಕ್ರಗಳನ್ನೂ ಸರಪಣಿಯೊಡನೆ ತುಸುತುಸುವೇ ಮುಂದಕ್ಕೆ ಸರಿಸುತ್ತ ಒಟ್ಟಿಗೇ ಹೊರತೆಗೆಯಬೇಕು. ಚಕ್ರದ ಹಿಂದೆ ತೆಳುವಾದ ವಾಷರುಗಳಿದ್ದರೆ ಅವನ್ನು ಕಳೆಯಕೂಡದು. ಎರಡು ಚಕ್ರಗಳನ್ನು ಒಂದೇ ಸಮತಲದಲ್ಲಿರಿಸುವುದು ಅವುಗಳ ಕೆಲಸ. ಹಲ್ಲುಗಳು ಕೊಕ್ಕೆಯಂತೆ ಬಾಗಿದ್ದರೆ ಚಕ್ರಗಳನ್ನೂ, ಸರಪಣಿಯನ್ನು ಸಡಿಲವಾಗಗೊಡದೆ ಒತ್ತಿಹಿಡಿಯುವ ಬಿಗಿಕಾರಕವಿದ್ದು (ಟೆನ್ಷನರ್) ಅದರ ಮೈಯಲ್ಲಿ ಆಳವಾದ ಗೆರೆ ಬಿದ್ದಿದ್ದರೆ ಅದನ್ನೂ ಹೊಸತಾಗಿಸಬೇಕು. ಸವೆದ ಹಲ್ಲಿನ ಮೇಲೆ ಹೊಸ ಸರಪಣಿ ಹೂಡಿದರೆ ಅದು ಬಹುಬೇಗ ಹಾಳಾಗುತ್ತದೆ.

ಹೊಸ ಸರಪಣಿಯನ್ನು ಎಣ್ಣೆಯಲ್ಲಿ ಅದ್ದಿ, ಮೇಜಿನ ಮೇಲೆಯೇ ಚುಕ್ಕೆಗಳು ಎದುರಾಗುವಂತೆ ಚಕ್ರಗಳಿಗೆ ತೊಡಿಸಿ, ಆ ಜೋಡಿಯನ್ನು ಕದಲಿಸದೆ ಶಾಫ್ಟುಗಳಿಗೇರಿಸಬೇಕು. ನಟ್ಟುಗಳನ್ನು ಟಾರ್ಕ್ ರೆಂಚಿನಿಂದ, ತಯಾರಕರ ಪುಸ್ತಕ ಹೇಳುವ ಬಿಗಿತಕ್ಕೆ ತರತಕ್ಕದ್ದೇ ಹೊರತು ಊಹೆಗೆಡೆಯಿಲ್ಲ. ಮುಚ್ಚಳಕ್ಕೆ ಹೊಸ ಪ್ಯಾಕಿಂಗನ್ನೂ ಹೊಸ ಆಯಿಲ್ ಸೀಲನ್ನೂ ಹಾಕಿ, ಬೋಲ್ಟುಗಳನ್ನು ಸಡಿಲವಾಗಿಟ್ಟು, ಎಣ್ಣೆ ಸವರಿದ ಪುಲ್ಲಿಯನ್ನು ಮೊದಲು ಸೀಲಿನೊಳಗೆ ತೂರಿಸಿ ಮುಚ್ಚಳವನ್ನು ನಡುವಿಗೆ ತಂದುಕೊಂಡ ಮೇಲೆಯೇ ಬಿಗಿಮಾಡಬೇಕು; ಇಲ್ಲವಾದರೆ ಸೀಲು ಒಂದು ಬದಿಗೆ ಒತ್ತಿ ಎಣ್ಣೆ ಸೋರುತ್ತದೆ.

ಆದರೆ ಈ ಮುಚ್ಚುವ ಕಾರ್ಯಕ್ಕೆ ಮೊದಲು ಮಾಡಲೇಬೇಕಾದ ಒಂದು ಪರೀಕ್ಷೆಯುಂಟು. ಎಂಜಿನ್ನನ್ನು ಕೈಯಿಂದ, ನಿಧಾನವಾಗಿ, ಎರಡು ಪೂರ್ತಿ ಸುತ್ತು ತಿರುಗಿಸಿ, ಚುಕ್ಕೆಗಳು ಮರಳಿ ಎದುರಾದುವೇ ಎಂದು ನೋಡಬೇಕು. ಎಲ್ಲಿಯಾದರೂ ತಡೆ ಸಿಕ್ಕಿದರೆ ಬಲಪ್ರಯೋಗ ಮಾಡದೆ ಅಲ್ಲಿಯೇ ನಿಂತು ಕಾರಣವನ್ನು ಶೋಧಿಸಬೇಕು. ಈ ಎಂಜಿನ್ನಿನ ಡಿಸ್ಟ್ರಿಬ್ಯೂಟರು ಕ್ಯಾಮಿನಿಂದಲೇ ತಿರುಗುವುದರಿಂದ, ಹಳೆಯ ಸರಪಣಿಯ ಸವೆತಕ್ಕೆ ಹೊಂದಿಸಿದ್ದ ಇಗ್ನಿಷನ್ ಟೈಮಿಂಗನ್ನು ಕೊನೆಯಲ್ಲಿ ಮತ್ತೆ ಸರಿಪಡಿಸುವುದೂ ಅವಶ್ಯ.

ಈ ಕ್ರಮವು ಎಲ್ಲ ಕಾರುಗಳಿಗೂ ಹೀಗೆಯೇ ಅನ್ವಯಿಸುವುದೆಂದು ಭಾವಿಸಲಾಗದು. ಮಾರುತಿ 800ರಲ್ಲಿ ಸರಪಣಿಯ ಬದಲು ರಬ್ಬರಿನ ಟೈಮಿಂಗ್ ಬೆಲ್ಟಿದೆ; ಅದೇ ಸಂಸ್ಥೆಯ ಕೆ ಶ್ರೇಣಿಯ ಎಂಜಿನ್ನುಗಳಲ್ಲಿಯೂ ಸ್ವಿಫ್ಟ್ ಕಾರಿಗೆ ಬಂದ ಫಿಯಟ್ಟಿನ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲಿಯೂ ಸರಪಣಿಯಿದೆ. ಇವುಗಳಲ್ಲಿ ಕ್ಯಾಮು ತಲೆಯ ಮೇಲಿದ್ದು ಸರಪಣಿ ನೀಳವಾಗಿರುತ್ತದೆ. ಎಂಜಿನ್ನು ಸಾಮಾನ್ಯವಾಗಿ ಅಡ್ಡಲಾಗಿ ಕುಳಿತಿರುವುದರಿಂದ ಕೈಯಾಡಿಸಲು ಎಡೆ ಕಿರಿದು. ಅನೇಕ ನೂತನ ಎಂಜಿನ್ನುಗಳಲ್ಲಿ ಹಲ್ಲುಗಳ ಲೆಕ್ಕ ತಪ್ಪಿದರೆ ಪಿಸ್ಟನ್ನು ತೆರೆದ ವಾಲ್ವಿಗೆ ಬಡಿದು ಅದನ್ನು ಬಾಗಿಸಬಲ್ಲುದು. ಶಾಫ್ಟುಗಳನ್ನು ಕದಲದಂತೆ ಹಿಡಿಯುವ ವಿಶೇಷ ಸಲಕರಣೆಗಳೂ ತಯಾರಕರ ಕೈಪಿಡಿಯೂ ಇಲ್ಲದೆ ಅವುಗಳನ್ನು ಬಿಚ್ಚುವುದು ಧೈರ್ಯವಲ್ಲ, ಸಾಹಸವೂ ಅಲ್ಲ, ಅವಿವೇಕ.

ಹಾಗೆ ವರ್ಕ್‌ಶಾಪಿಗೆ ಒಪ್ಪಿಸಬೇಕಾದವರಿಗೂ ಈ ತಿಳಿವಳಿಕೆ ವ್ಯರ್ಥವಲ್ಲ. ಹಲ್ಲುಚಕ್ರಗಳನ್ನೂ ಬಿಗಿಕಾರಕವನ್ನೂ ಪರೀಕ್ಷಿಸಿದಿರಾ, ಸೀಲು ಹೊಸದೇ, ಮುಚ್ಚುವ ಮೊದಲು ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದಿರಾ ಎಂದು ಕೇಳಬಲ್ಲ ಒಡೆಯನಿಗೆ, ಒಳ್ಳೆಯ ಮೆಕ್ಯಾನಿಕ್ಕನು ಸಂತೋಷದಿಂದಲೇ ಉತ್ತರ ಕೊಡುತ್ತಾನೆ. ನಮ್ಮ ಪ್ರಾಣವನ್ನೂ ಪರಿವಾರವನ್ನೂ ಒಪ್ಪಿಸಿ ಪಯಣಿಸುವ ಯಂತ್ರದ ಒಳಗನ್ನು ಅರಿತಿರುವುದು, ಸ್ಪಾನರನ್ನು ಯಾರೇ ಹಿಡಿಯಲಿ, ಪ್ರತಿಯೊಬ್ಬ ಒಡೆಯನ ಕರ್ತವ್ಯವಾಗಿದೆ.